ಮೀನು ನಂಬಿದ ನೆಲ

ಹೊರಗೆ ಬೆಳಕು ಇನ್ನೂ ಬೂದಿ ಬಣ್ಣದಲ್ಲಿದೆ. ಒಳಗೆ ಉದ್ದನೆಯ ಮೇಜಿನ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಹಲಗೆ. ಅದರ ಮೇಲೆ ಜೇನಿನಷ್ಟು ಮಂದವಾದ ಅಂಟು ಹರಡಿಕೊಂಡಿದೆ. ಆಕೆ ಅದರ ಮೇಲೆ ಬಗ್ಗಿ, ಎಡಗೈಯಲ್ಲಿ ಚಹಾ ಸೋಸುವ ಜರಡಿ ಹಿಡಿದು, ಬಲಗೈಯ ತೋರುಬೆರಳಿನಿಂದ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತಾರೆ. ಮರಳು ಬೀಳುತ್ತದೆ. ಬೀಳುವ ಸದ್ದೂ ಕೇಳಿಸುವುದಿಲ್ಲ. ಮೊದಲು ದಪ್ಪ ಹರಳು, ಆಮೇಲೆ ಸಣ್ಣದು, ಕೊನೆಗೆ ಹಿಟ್ಟಿನಂಥದ್ದು. ನಡುನಡುವೆ ಚಿಮುಟದಿಂದ ಒಡೆದ ಶಂಖದ ಚೂರುಗಳನ್ನು ಎತ್ತಿ ಇಟ್ಟು, ಅರ್ಧ ಮುಳುಗುವಷ್ಟು ಮಾತ್ರ ಒತ್ತುತ್ತಾರೆ.

“ಪೂರ್ತಿ ಮೇಲಿದ್ರೆ ಈಗ ತಾನೇ ಯಾರೋ ತಂದಿಟ್ಟ ಹಾಗಿರುತ್ತೆ. ಅರ್ಧ ಹೂತಿದ್ರೆ, ಎಷ್ಟೋ ಕಾಲದಿಂದ ಅಲ್ಲೇ ಬಿದ್ದಿತ್ತು ಅನ್ಸುತ್ತೆ,” ಎನ್ನುತ್ತಾರೆ, ತಲೆ ಎತ್ತದೆ.

ಬೆಳಗಿನ ಈ ಹೊತ್ತೇ ಬೇಕು. ಎರಡು ಡಬ್ಬಿಗಳ ದ್ರವವನ್ನು ಕಲಸಿದರೆ ಆಗುವ ಈ ಅಂಟು ತನ್ನೊಳಗೇ ಬಿಸಿ ಹುಟ್ಟಿಸಿಕೊಂಡು ಗಟ್ಟಿಯಾಗುತ್ತದೆ. ಹೊರಗಿನ ಬಿಸಿಲೂ ಸೇರಿತೆಂದರೆ ಕೈ ಆಡಿಸುವ ಮೊದಲೇ ಕಲ್ಲು. ತಂಪಿನಲ್ಲಿ ಅದು ಸ್ವಲ್ಪ ಹೆಚ್ಚು ಹೊತ್ತು ಮಾತು ಕೇಳುತ್ತದೆ. ಇನ್ನೊಂದು ಕಾರಣ ಕಿಟಕಿಯದು. ಆಗ ತಾನೇ ಹುಟ್ಟಿದ ಬೆಳಕು ಮೇಜಿನ ಮೇಲೆ ಅಡ್ಡಡ್ಡ ಹರಿದು ಬರುತ್ತದೆ. ಮರಳಿನ ಪ್ರತಿಯೊಂದು ಏರಿಗೂ ಒಂದು ನೆರಳು ಹುಟ್ಟುತ್ತದೆ. ಮಧ್ಯಾಹ್ನದ ನೆತ್ತಿಯ ಬೆಳಕಿನಲ್ಲಿ ಇದೇ ನೆಲ ಸಪಾಟಾಗಿ, ಸತ್ತಂತೆ ಕಾಣುತ್ತದೆ.

ಕೋಣೆಯ ನಾಲ್ಕೂ ಗೋಡೆಗಳಿಗೆ ಒಣಗಲು ಒರಗಿಸಿಟ್ಟ ನೆಲಗಳಿವೆ. ಸಮುದ್ರದ ತಳಗಳು, ನೆಟ್ಟಗೆ ನಿಂತಿವೆ. ಅಲೆ ಎಳೆದ ಗೆರೆಗಳು, ಹುಳು ತೋಡಿದ ಕುಳಿಗಳು, ಬಸವನಹುಳು ಹಾದುಹೋದ ಜಾಡು ಎಲ್ಲ ಲಂಬವಾಗಿ ಗೋಡೆ ಹತ್ತುತ್ತಿವೆ. ಕಾಲಿಟ್ಟವರಿಗೆ ಮೊದಲ ಕ್ಷಣ ತಲೆ ತಿರುಗುತ್ತದೆ: ತಾವು ನಿಂತಿದ್ದೇವೋ, ಮಲಗಿ ಕೆಳಗೆ ನೋಡುತ್ತಿದ್ದೇವೋ ತಿಳಿಯುವುದಿಲ್ಲ. ಆಕೆಯ ತಾಯಿ ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಈ ಕೋಣೆಯ ಹೊಸ್ತಿಲು ತುಳಿಯುವುದಿಲ್ಲ. “ಯಾರೋ ಈಗಷ್ಟೇ ಎದ್ದು ಹೋದ ಹಾಗಿರುತ್ತಪ್ಪ ಒಳಗೆ. ಹೋದವರು ವಾಪಸ್ ಬರದೇ ಇರ್ತಾರಾ?” ಎಂಬುದು ಅವರ ಪ್ರಶ್ನೆ.

ಗಿರಾಕಿಗಳಿಗೂ ಬೀದಿಯವರಿಗೂ ಆಕೆ ‘ತಳದಕ್ಕ’. ಮನೆಯಲ್ಲಿ ಹವಳದ ತೊಟ್ಟಿ ಇಟ್ಟುಕೊಂಡ ಉತ್ಸಾಹಿಗಳನ್ನು ಬಿಟ್ಟರೆ ಇಂಥದೊಂದು ಕಸುಬು ಇದೆಯೆಂದೇ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೇ ಕಸುಬಿನ ಗುಟ್ಟು. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಯಬೇಕಾದರೆ ನೀರು ಸದಾ ಜೋರಾಗಿ ಓಡಾಡುತ್ತಿರಬೇಕು. ತಳಕ್ಕೆ ಬಿಡಿ ಮರಳು ಸುರಿದರೆ ಆ ಓಟಕ್ಕೆ ಅದು ಎದ್ದು ಹವಳದ ಮೇಲೆ ಕೂರುತ್ತದೆ. ಉಳಿದ ಮರಳಿನ ಸಂದಿಯಲ್ಲಿ ಮೀನಿನ ಹೇಲು, ತಿಂದು ಬಿಟ್ಟ ಆಹಾರ ಕೊಳೆಯುತ್ತದೆ. ಮರಳೇ ಬೇಡವೆಂದು ಬರೀ ಗಾಜು ಬಿಟ್ಟರೆ ತೊಟ್ಟಿ ತೊಳೆದಿಟ್ಟ ಪಾತ್ರೆಯಂತೆ ಕಾಣುತ್ತದೆ. ಹಾಗಾಗಿ ಈ ನಡುದಾರಿ: ನೋಡಲು ಮರಳು, ಮುಟ್ಟಿದರೆ ಬಂಡೆ. ಒಂದು ಕಣವೂ ಅಲುಗದ ಕಡಲತಳ.

ಪ್ರತಿ ನೆಲದ ಕೊನೆಗೆ, ಅಂಟು ಬಿಗಿಯುವ ಸ್ವಲ್ಪ ಮೊದಲು, ತಳದಕ್ಕ ಒಂದು ಗುರುತು ಹಾಕುತ್ತಾರೆ. ಯಾವುದೋ ಜೀವ ಅಲ್ಲಿ ಹಾದುಹೋದ ಗುರುತು. ಅದು ಎಲ್ಲಿಂದ ಬಂತು, ಯಾಕೆ ಇಲ್ಲಿ ತಿರುಗಿತು, ಎಲ್ಲಿ ಮರೆಯಾಯಿತು ಎಂದು ಮೊದಲೇ ಯೋಚಿಸಿಕೊಂಡಿರುತ್ತಾರೆ. ಇಲ್ಲದ ಪ್ರಾಣಿಗೆ ಒಂದು ದಿನಚರಿ. ಅದಾದ ಮೇಲೆಯೇ ನೆಲಕ್ಕೆ ಜೀವ ಬರುವುದೆಂದು ಅವರ ನಂಬಿಕೆ.

ಇವತ್ತು ಮಾತ್ರ ಕೈ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಚಮಚವನ್ನು ಹಿಡಿದು ಒಂದೆರಡು ಸಲ ಹಲಗೆಯ ಹತ್ತಿರ ತಂದು, ಕೆಳಗಿಡುತ್ತಾರೆ. ಅಂಟು ಗಟ್ಟಿಯಾಗುತ್ತಿದೆ. ಆಗಲಿ ಎಂದು ಬಿಡುತ್ತಾರೆ.

“ಬೇಡ. ಆ ಹಳದಿ ಮೀನಿನ ವಿಷಯ ಮುಗೀಲಿ ಮೊದಲು.”

ಹಳದಿ ಮೀನು ಇರುವುದು ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ. ತಳದಕ್ಕ ಇದುವರೆಗೆ ಮಾಡಿದ ನೆಲಗಳಲ್ಲೆಲ್ಲ ಚೆಲುವಾದದ್ದು ಅಲ್ಲಿದೆ. ಆ ನೆಲದ ಮೇಲೆ ಆ ಮೀನು ಈಗ ಸಾಯುತ್ತಿದೆ.

* * *

ತಳದಕ್ಕ ಈ ಕಸುಬಿಗೆ ಬಂದದ್ದು ಹಲ್ಲಿನ ದಾರಿಯಿಂದ. ದಂತವೈದ್ಯರ ಅಂಗಡಿಯ ಹಿಂದಿನ ಕತ್ತಲೆ ಕೋಣೆಯೊಂದರಲ್ಲಿ ಕುಳಿತು, ಅಚ್ಚಿಗೆ ಮೇಣ ಎರೆದು, ಗುಲಾಬಿ ವಸಡಿಗೆ ಬಿಳಿ ಹಲ್ಲು ಕೂರಿಸುತ್ತಾ ಅವರು ಯೌವನ ಕಳೆದರು. ಕಲಿಸಿದ ಹಿರಿಯರು ಒಂದು ಮಾತು ಹೇಳಿದ್ದರಂತೆ: ಸಾಲಿನಲ್ಲಿ ಒಂದು ಹಲ್ಲನ್ನಾದರೂ ಕೂದಲೆಳೆಯಷ್ಟು ಸೊಟ್ಟ ಮಾಡು, ಇಲ್ಲದಿದ್ದರೆ ಹಾಕಿಕೊಂಡವರು ನಕ್ಕಾಗ ಸಿಕ್ಕಿಬೀಳುತ್ತಾರೆ. ಯಂತ್ರಗಳು ಬಂದವು; ಹಲ್ಲು ಕೆತ್ತುವ ಕೈಗಳು ಬೇಡವಾದವು. ಮದುವೆ ಎಂಬುದು ಎಲ್ಲೋ ಶುರುವಾಗಿ ಎಲ್ಲೋ ನಿಂತುಹೋಗಿತ್ತು. ಮನೆಯಲ್ಲಿ ತಾಯಿ, ತಾಯಿಯ ಬಾಯಿಯಲ್ಲಿ ಮಗಳೇ ಮಾಡಿದ ಹಲ್ಲು.

“ಈ ಹಲ್ಲಿಗೆ ನನಗಿಂತ ಪೊಗರು ಜಾಸ್ತಿ. ನಾನು ಸುಮ್ಮನಿದ್ರೂ ಅದು ಮಾತಾಡುತ್ತೆ,” ಎಂದು ತಾಯಿ ನಗುತ್ತಾರೆ. ನಕ್ಕಾಗ ಸೊಟ್ಟ ಹಲ್ಲು ಕಾಣುತ್ತದೆ. ಸಿಕ್ಕಿಬೀಳುವುದಿಲ್ಲ.

ಆ ಬಿಡುವಿನ ದಿನಗಳಲ್ಲಿ ಅಕ್ಕನ ಗಂಡ ಒಂದು ತುಂಡು ಹಲಗೆ ಹಿಡಿದುಕೊಂಡು ಬಂದರು. ಊರಿನ ದೊಡ್ಡ ಮನೆಗಳ, ಕಚೇರಿಗಳ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವರ ಉದ್ಯೋಗ. ಭಾವನ ಕೈಗಳು ಸದಾ ಒದ್ದೆ, ಬಾಯಿ ಸದಾ ಚುರುಕು. ಯಾರೋ ಮಾಡಿದ ನೆಲ ತೊಟ್ಟಿಯಲ್ಲಿ ಸಿಪ್ಪೆ ಎದ್ದು ಬಂದಿತ್ತು. “ಹಲ್ಲು ಕೂರಿಸಿದವಳಿಗೆ ಮರಳು ಕೂರಿಸೋದು ಕಷ್ಟವಾ?” ಎಂದು ಕೆಣಕಿದರು. ಕಷ್ಟವೇ ಇತ್ತು. ಹಲಗೆಯ ನುಣುಪನ್ನು ಉಜ್ಜಿ ಒರಟು ಮಾಡಿ, ಅಲ್ಲಲ್ಲಿ ತೂತು ಕೊರೆದರೆ ಮಾತ್ರ ಅಂಟು ಬೇರು ಬಿಡುತ್ತದೆ ಎಂದು ತಿಳಿಯಲು ಎಷ್ಟೋ ಹಲಗೆಗಳು ಹಾಳಾದವು. ಹವೆಯಲ್ಲಿ ತೇವ ಹೆಚ್ಚಿದ್ದ ದಿನ ಅಂಟಿನ ಮೇಲೆ ಮೇಣದಂಥ ಬಿಳಿ ಪೊರೆ ಏಳುತ್ತದೆ. ಅದನ್ನು ತೊಳೆಯದೆ ಎರಡನೇ ಪದರ ಹಾಕಿದರೆ ಎರಡೂ ಬೇರೆಯಾಗುತ್ತವೆ. ಇದೂ ಹಾಗೆಯೇ ಕಲಿತದ್ದು.

ಕಸುಬು ಮೈಯಲ್ಲಿ ಗುರುತು ಬಿಟ್ಟಿದೆ. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿದೆ. ಈಗ ಕೈಗವಸಿಲ್ಲದೆ ಡಬ್ಬಿಯ ಮುಚ್ಚಳವನ್ನೂ ಮುಟ್ಟುವಂತಿಲ್ಲ. ಮುಖವಾಡ ಹಾಕದೆ ಕಳೆದ ಮೊದಲ ವರ್ಷಗಳು ಮೂಗನ್ನು ತಿಂದುಹಾಕಿವೆ. “ಹಾಲು ತಳ ಹಿಡಿದ್ರೂ ಗೊತ್ತಾಗಲ್ಲ ಇವಳಿಗೆ. ಹೆಸರು ನೋಡಿದ್ರೆ ತಳದಕ್ಕ!” ಎನ್ನುತ್ತಾರೆ ತಾಯಿ. ಮನೆಗೆಲ್ಲ ಈಗ ಅವರದೇ ಮೂಗು.

ಹಿತ್ತಿಲಲ್ಲಿ ನೀಲಿ ಡ್ರಮ್ಮುಗಳ ಸಾಲಿದೆ. ತಯಾರಾದ ನೆಲಗಳನ್ನು ಅಲ್ಲಿ ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ ಬದಲಿಸಿ ವಿಷ ಇಳಿಸುತ್ತಾರೆ. ಕೊನೆಗೆ ಒಂದು ಸಿಗಡಿ ಬಿಡುತ್ತಾರೆ. ಸಿಗಡಿ ಓಡಾಡಿಕೊಂಡಿದ್ದರೆ ನೆಲ ತೇರ್ಗಡೆ. ಭಾವ ಅದನ್ನು ‘ಇನ್‌ಸ್ಪೆಕ್ಟರ್ ಸಾಹೇಬ್ರು’ ಎಂದು ಕರೆಯುತ್ತಾರೆ. ಬಂದಾಗಲೆಲ್ಲ ಡ್ರಮ್ಮಿಗೊಂದು ಸಲಾಮು.

ತಳದಕ್ಕ ಸಮುದ್ರದೊಳಗೆ ಇಳಿದವರಲ್ಲ. ಈಜು ಬಾರದು. ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬಟ್ಟಲಿನಲ್ಲಿ ಮರಳು ಹಾಕಿ ನೀರು ಅಲ್ಲಾಡಿಸಿ, ಅಲೆ ಯಾವ ಬದಿಗೆ ಕಡಿದಾದ ಏರನ್ನು ಬಿಡುತ್ತದೆ, ಯಾವ ಬದಿಗೆ ಇಳಿಜಾರನ್ನು ಎಂದು ಕಂಡುಕೊಂಡವರು. ಅವರ ನೆಲಗಳನ್ನು ನೋಡಿದವರು ಒಂದು ಮಾತು ಹೇಳುತ್ತಾರೆ: ಇದು ಚೆನ್ನಾಗಿದೆ, ಆದರೆ ಬಹಳ ಹೊತ್ತು ನೋಡಲಾಗುವುದಿಲ್ಲ. ಗಡಿಯಾರ ರಿಪೇರಿಯವರೊಬ್ಬರು ತಮ್ಮ ತೊಟ್ಟಿಗೆ ನೆಲ ಹಾಕಿಸಿಕೊಂಡು ಕೆಲವು ವಾರಗಳ ನಂತರ ಫೋನು ಮಾಡಿದರಂತೆ.

“ಅಕ್ಕಾ, ನಿಮ್ಮ ಹುಳು ದಿನಾ ಒಂದಿಷ್ಟು ಮುಂದೆ ಹೋಗ್ತಿದೆ.”

“ಯಾವ ಹುಳು? ನಾನು ಹುಳು ಹಾಕಿಲ್ಲವಲ್ಲ, ಬರೀ ಜಾಡು.”

“ಅದೇ ಹೇಳ್ತಿರೋದು. ಹುಳು ಇಲ್ಲ. ಜಾಡು ಮಾತ್ರ ಹೋಗ್ತಿದೆ.”

ಇದಕ್ಕೆ ಕಾರಣವಿದೆ. ನೀರಿನ ಓಟ ತಗಲದ ಸಣ್ಣ ತಗ್ಗುಗಳಲ್ಲಿ ಪಾಚಿ ಮೊದಲು ನೆಲೆಸುತ್ತದೆ. ತಳದಕ್ಕ ಎಳೆದ ಜಾಡು ಕೊನೆಯಲ್ಲಿ ಆಳ ಕಡಿಮೆಯಾಗುತ್ತಾ ಅಳಿಸಿಹೋಗುತ್ತದೆ. ಮೊದಲು ಕಣ್ಣಿಗೆ ಬೀಳದ ಆ ತುದಿಯನ್ನೂ ಪಾಚಿ ದಿನದಿನಕ್ಕೆ ಕಪ್ಪು ಮಾಡುತ್ತಾ ಹೋಗಿದೆ. ಇಷ್ಟೇ. ಭಾವ ಹೋಗಿ ತೋರಿಸಿ, ಉಜ್ಜಿ ಬಂದರು. ಗಡಿಯಾರದವರು ಒಪ್ಪಿದರು. ಒಪ್ಪಿದ ಮೇಲೂ ತೊಟ್ಟಿಯ ಆ ಬದಿಗೆ ಒಂದು ಬಟ್ಟೆ ಇಳಿಬಿಟ್ಟಿದ್ದಾರೆ.

* * *

ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಮಾತು ಕಡಿಮೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಪಾಪೆ ಅರಳಲೆಂದು ಕೂತವರು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು, ಎರಡಕ್ಕೂ ಕಟ್ಟಿಸಿಕೊಂಡು ಯಾರದೋ ತೋಳು ಹಿಡಿದವರು. ಎದುರಿನ ಗೋಡೆಯ ಉದ್ದಕ್ಕೂ ತೊಟ್ಟಿ. ನೇರಳೆ, ಹಸಿರು ಹವಳಗಳು ನೀರಿನ ಓಟಕ್ಕೆ ತೂಗುತ್ತವೆ. ಕೆಳಗೆ ತಿಳಿ ಕೆನೆ ಬಣ್ಣದ ಮರಳು, ಹಿಂಬದಿಯ ಬಂಡೆಯ ಬುಡದಲ್ಲಿ ಮೆಲ್ಲನೆ ಏರಿ ದಿಬ್ಬವಾಗುತ್ತದೆ. ಆ ದಿಬ್ಬದ ನೆತ್ತಿಯಲ್ಲಿ, ಅಂಗೈ ಇಟ್ಟರೆ ಮುಚ್ಚುವಷ್ಟು ಜಾಗದಲ್ಲಿ, ತಳದಕ್ಕನ ಕೊನೆಯ ಗುರುತು. ಬೆಳಕು ಆರುವಾಗ ಮರಳಿನೊಳಗೆ ನುಗ್ಗಿ ಮಲಗುವ ಮೀನುಗಳಿವೆ ಎಂದು ಅವರಿಗೆ ಗೊತ್ತಿತ್ತು. ಅಂಥದೊಂದು ಈಗಷ್ಟೇ ಒಳಗೆ ಹೋಗಿದೆ, ಅದರ ಹಿಂದೆ ಮರಳು ಪೂರ್ತಿ ಮುಚ್ಚಿಕೊಂಡಿಲ್ಲ. ಅಂಥ ಒಂದು ತಗ್ಗು. ಹಲ್ಲಿನ ಮೇಣ ತೀಡುವ ಹಳೆಯ ಚಮಚದ ಬೆನ್ನಿನಿಂದ ಮಾಡಿದ್ದು.

“ಒಂದೇ ಎಳೆತ. ಎರಡನೇ ಸಲ ಕೈ ಹಾಕಿಲ್ಲ. ಅಷ್ಟು ಚೆನ್ನಾಗಿ ಬಂತು,” ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆ ಇಲ್ಲ.

ತೊಟ್ಟಿ ತುಂಬಿ, ಹವಳ ಬೇರೂರಿ ಎಷ್ಟೋ ತಿಂಗಳಾದ ಮೇಲೆ, ಮನೆ ಬದಲಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಮೀನೊಂದನ್ನು ಭಾವನಿಗೆ ಕೊಟ್ಟರು. ಬೆರಳುದ್ದದ ಹಳದಿ ಮೀನು. ಮರಳಿನಲ್ಲಿ ಮಲಗುವ ಜಾತಿ. ಭಾವ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತಾ, “ಮರಳು ಇರೋ ತೊಟ್ಟಿಯೇ ಬೇಕಿತ್ತು ಇದಕ್ಕೆ, ಪುಣ್ಯವಂತ ಮೀನು,” ಎಂದರು. ಪಕ್ಕದಲ್ಲಿ ತಳದಕ್ಕ ನಿಂತಿದ್ದರು. “ಹೌದು ಭಾವ, ಒಳ್ಳೆ ಹಾಸಿಗೆ ಸಿಗ್ತು,” ಎಂದರು. ಮೀನನ್ನು ನೀರಿಗೆ ಬಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ನೋಡಿದರು. ಮನೆಗೆ ಹೋದರು.

ಹಲಗೆಯನ್ನು ಗರಗಸದಿಂದ ಕತ್ತರಿಸಿದವರು ತಳದಕ್ಕ. ತುಂಡುತುಂಡಾಗಿ ತೊಟ್ಟಿಗಿಳಿಸಿ ಜೋಡಿಸಿದವರು ಭಾವ. ಆ ಮರಳಿನ ಒಂದು ಕಣವನ್ನೂ ಉಗುರಿನಿಂದ ಕೀಳಲಾಗದೆಂದು ಇಡೀ ಊರಿನಲ್ಲಿ ಬಲ್ಲವರಿದ್ದರೆ ಅದು ಅವರಿಬ್ಬರೇ.

“ಜನರ ಕಣ್ಣಿಗೆ ಮಣ್ಣೆರಚೋದು ಕೇಳಿದ್ದೆ,” ಎನ್ನುತ್ತಾರೆ ಭಾವ. ಮಾಮೂಲಿನ ಚುರುಕು ಮಾತಿಗೆ ಇವತ್ತು ನಗು ಅಂಟಿಕೊಂಡಿಲ್ಲ. “ನಮ್ಮ ಕಣ್ಣಿಗೆ ನಾವೇ ಎರಚಿಕೊಂಡು, ಅದೂ ಕಣ್ಣಾಸ್ಪತ್ರೆಯಲ್ಲಿ ನಿಂತುಕೊಂಡು.”

ಮೊದಲು ಗೊತ್ತಾದದ್ದು ಕಣ್ಣಿಲ್ಲದವರಿಗೆ. ಒಂದು ಸಂಜೆ ತೊಟ್ಟಿಯ ದೀಪಗಳು ಎಂದಿನಂತೆ ಹಂತಹಂತವಾಗಿ ಮಂಕಾಗುತ್ತಿದ್ದವು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ವೃದ್ಧರೊಬ್ಬರು ತಲೆ ಎತ್ತಿ ಕೇಳಿದರು: “ಯಾರದು ಬಾಗಿಲು ತಟ್ತಿರೋದು? ತೆಗೀರಪ್ಪ, ಪಾಪ.”

ಬಾಗಿಲಲ್ಲಿ ಯಾರೂ ಇರಲಿಲ್ಲ. ವೃದ್ಧರು ಸುಮ್ಮನಾಗಲಿಲ್ಲ. “ಇನ್ನೂ ತಟ್ತಿದ್ದಾರೆ.” ಆ ಹೊತ್ತಿನ ಕೆಲಸದಲ್ಲಿದ್ದ ಸಿಸ್ಟರ್ ಬಾಗಿಲು ತೆರೆದು, ಹಜಾರ ನೋಡಿ, ವಾಪಸು ಬಂದು ಕಿವಿಗೊಟ್ಟು ನಿಂತರು. ಟಕ್. ಸ್ವಲ್ಪ ಬಿಟ್ಟು, ಟಕ್. ಗಾಜಿನ ಮೇಲೆ ಯಾರೋ ಉಗುರಿನಿಂದ ಬಡಿದ ಹಾಗೆ, ಆದರೆ ಒಳಗಿನಿಂದ. ಸಿಸ್ಟರ್ ತೊಟ್ಟಿಯ ಹತ್ತಿರ ಬಂದಾಗ ಕಂಡದ್ದು ಇದು: ಹಳದಿ ಮೀನು ದಿಬ್ಬದ ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಮೈಯನ್ನು ಓರೆ ಮಾಡುತ್ತದೆ, ಇದ್ದ ಬಲವನ್ನೆಲ್ಲ ಒಟ್ಟುಮಾಡಿ ತಲೆ ಮುಂದಾಗಿ ಆ ತಗ್ಗಿಗೆ ಎರಗುತ್ತದೆ. ಟಕ್. ಹಿಂದೆ ಸರಿದು, ಸುತ್ತು ಹಾಕಿ, ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ನೆಲದ ತುಂಬ ಮರಳೇ ಇದ್ದರೂ ಅದು ಬೇರೆಲ್ಲೂ ಪ್ರಯತ್ನಿಸಲಿಲ್ಲ. ಅಲ್ಲೊಂದು ಮೀನು ಈಗಾಗಲೇ ಮಲಗಿದೆ ಎಂದು ನೆಲ ಹೇಳುತ್ತಿತ್ತು. ಅದು ನಂಬಿತು.

ಹಿಡಿದು ಬೇರೆಡೆ ಹಾಕೋಣವೆಂದರೆ ಬಂಡೆಯ ಸಂದುಗಳ ನಡುವೆ ಬಲೆಗೆ ಸಿಗುವುದಿಲ್ಲ. ಬಾಟಲಿಯಲ್ಲಿ ಆಹಾರ ಇಟ್ಟು ಕಾದರೆ ಬೇರೆ ಮೀನುಗಳು ಬಂದವು, ಅದು ಬರಲಿಲ್ಲ. ಬಂಡೆಗಳನ್ನೆಲ್ಲ ಕಿತ್ತರೆ ಹವಳ ಸಾಯುತ್ತದೆ. ಬಟ್ಟಲಿನಲ್ಲಿ ನಿಜವಾದ ಮರಳು ತುಂಬಿ ಮೂಲೆಯಲ್ಲಿಟ್ಟು ನೋಡಿದರು. ಸಾಮಾನ್ಯವಾಗಿ ಇಂಥ ಮೀನುಗಳು ಅಷ್ಟಕ್ಕೇ ಒಪ್ಪುತ್ತವೆ. ಇದು ಬಟ್ಟಲಿನ ಮೇಲಿಂದ ಈಜಿ ದಿಬ್ಬಕ್ಕೆ ಹೋಯಿತು. ಈಗ ಅದರ ದವಡೆಯ ಅಂಚು ಬಿಳಿಚಿದೆ, ಹೊಟ್ಟೆ ಒಳಸೇರಿದೆ. ಕಳೆದ ಕೆಲವು ಸಂಜೆಗಳಿಂದ ಎರಗುವುದನ್ನೂ ನಿಲ್ಲಿಸಿದೆ. ದೀಪ ಆರುವಾಗ ತಗ್ಗಿನ ಮೇಲೆ ಬಂದು ಸುಮ್ಮನೆ ಅಡ್ಡ ಮಲಗುತ್ತದೆ, ಹೊದಿಕೆ ಇಲ್ಲದವರ ಹಾಗೆ. ಬಾಯಿಯ ಗಾಯದಿಂದ ತಿನ್ನುವುದು ಕಡಿಮೆ; ಬಯಲಲ್ಲಿ ಬಿದ್ದಿರುವ ಭಯಕ್ಕೆ ವಿಶ್ರಾಂತಿಯೂ ಇಲ್ಲ. ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ಭಾವ ಹೇಳಿದ್ದಾರೆ.

ದಾರಿ ತೋರಿಸಿದ್ದು ತಾಯಿ. ಮಗಳು ಊಟದ ಮುಂದೆ ಕೈ ಕಟ್ಟಿ ಕೂತದ್ದನ್ನು ನೋಡಿ ರೇಗಿದರು.

“ಏನೇ ಅದು, ಒಂದು ಬೆರಳುದ್ದದ ಮೀನಿಗೆ ಮನೆಯೆಲ್ಲ ಉಪವಾಸವಾ?”

“ಅದು ನಿದ್ದೆ ಮಾಡ್ತಿಲ್ಲಮ್ಮ. ನಾನು ಮಾಡಿದ ಗುರುತು ಬಿಟ್ಟು ಅಲ್ಲಾಡ್ತಿಲ್ಲ.”

“ನಾನು ಮಲಗೋವಾಗ ನೀನು ಮಾಡಿದ ಹಲ್ಲು ತೆಗೆದು ಬಟ್ಟಲಲ್ಲಿ ಇಡ್ತೀನಿ. ಹಾಕ್ಕೊಂಡೇ ಮಲಗಿದ್ರೆ ಗಂಟಲಿಗೆ ಹೋಗುತ್ತೆ ಅಂತ ನೀನೇ ಹೇಳಿದ್ದು. ಆ ಮೀನಿಗೆ ನಿನ್ನ ಗುರುತು ತೆಗೆದಿಡೋಕೆ ಕೈ ಇದೆಯಾ? ನೀನೇ ತೆಗೀಬೇಕು.”

* * *

ತೆಗೆಯುವುದೆಂದರೆ ಹೇಳಿದಷ್ಟು ಸುಲಭವಲ್ಲ. ದಿಬ್ಬದ ನೆತ್ತಿ ಒಂದು ಬೇರೆ ತುಂಡು. ಆದರೆ ಅದರ ಬೆಸುಗೆಯನ್ನು ನೀರಿನೊಳಗೇ ಗಟ್ಟಿಯಾಗುವ ಮೆತ್ತಿಗೆಯಿಂದ ತುಂಬಿ, ಮೇಲೆ ಮರಳು ಒತ್ತಿ, ಕಾಣದ ಹಾಗೆ ಮುಚ್ಚಿದ್ದು ತಳದಕ್ಕನೇ. ಈಗ ಅದೆಲ್ಲಿದೆ ಎಂದು ಅವರಿಗೂ ಕಾಣುವುದಿಲ್ಲ. ಅದನ್ನು ಕಿತ್ತ ಮೇಲೆ ಕೆಳಗೆ ಉಳಿಯುವ ಕುಳಿಯಲ್ಲಿ ನಿಜವಾದ ಮರಳಿನ ಡಬ್ಬಿ ಕೂರಿಸಬೇಕು. ದಿಬ್ಬದ ಒಳಗು ಟೊಳ್ಳು; ಆಳ ಒಂದು ಗೇಣಿಗೆ ತುಸು ಕಡಿಮೆ. ಬೆರಳುದ್ದದ ಮೀನಿಗೆ ಸಾಕು.

ಬೆಳಗಿನ ಕೆಲಸವನ್ನು ಅರ್ಧಕ್ಕೆ ಬಿಟ್ಟ ತಳದಕ್ಕ ಉಪಾಹಾರದ ಹೊತ್ತಿಗೆ ಮರಳು ತೊಳೆಯಲು ಕೂರುತ್ತಾರೆ. ಬಕೆಟ್ಟಿನಲ್ಲಿ ಕೈಯಾಡಿಸಿ, ಹಾಲಿನಂತಾದ ನೀರು ಚೆಲ್ಲಿ, ಮತ್ತೆ ತುಂಬಿ. ನೀರು ತಿಳಿಯಾಗಿ ತಮ್ಮ ಬೆರಳುಗಳು ಕಾಣುವವರೆಗೆ. ಇಷ್ಟು ವರ್ಷ ಮರಳನ್ನು ಹಿಡಿದು ನಿಲ್ಲಿಸಿದ ಕೈಗೆ ಇದು ಹೊಸ ಕೆಲಸ.

“ಮುಷ್ಟಿ ಹಿಡಿದ್ರೆ ಜಾರಿಹೋಗುತ್ತೆ ನೋಡಿ,” ಎನ್ನುತ್ತಾರೆ, ಯಾರೋ ತಮಗೇನೋ ಹೊಸದನ್ನು ತೋರಿಸಿದ ಹಾಗೆ.

ಆಸ್ಪತ್ರೆಯಲ್ಲಿ ಭಾವ ನೀರಿನ ಪಂಪುಗಳನ್ನು ನಿಲ್ಲಿಸುತ್ತಾರೆ. ಹವಳಗಳ ತೂಗಾಟ ನಿಲ್ಲುತ್ತದೆ. ತೊಟ್ಟಿ ಒಮ್ಮೆಗೇ ಚಿತ್ರದಂತಾಗುತ್ತದೆ. ಕುರ್ಚಿಗಳ ಸಾಲು ಇತ್ತ ತಿರುಗುತ್ತದೆ, ಒಂದೊಂದು ಕಣ್ಣಿನ ಮುಖಗಳು. ತಳದಕ್ಕ ಮೆಟ್ಟಿಲೇಣಿ ಹತ್ತಿ, ಭುಜದವರೆಗೆ ತೋಳನ್ನು ನೀರಿಗಿಳಿಸಿ, ಬೆರಳ ತುದಿಯಿಂದ ದಿಬ್ಬವನ್ನು ಸವರುತ್ತಾರೆ. ಕಣ್ಣು ಮುಚ್ಚಿದ್ದಾರೆ. ಸವರುತ್ತಾ ಸವರುತ್ತಾ ಒಂದು ಕಡೆ ಬೆರಳು ನಿಲ್ಲುತ್ತದೆ.

“ಸಿಕ್ತಾ?” ಭಾವ ಕೆಳಗಿನಿಂದ ಕೇಳುತ್ತಾರೆ.

“ಇಲ್ಲೇ ಎಲ್ಲೋ ಇದೆ ಭಾವ. ಎಷ್ಟು ಚೆನ್ನಾಗಿ ಮುಚ್ಚಿದ್ದೀನಿ ಅಂದ್ರೆ, ಬೈಕೋಬೇಕು ಅನ್ಸುತ್ತೆ.”

“ಬೈಕೋ. ನೀರೊಳಗೆ ಬೈದ್ರೆ ಯಾರಿಗೂ ಕೇಳಲ್ಲ.”

ಹಲ್ಲಿನ ಅಚ್ಚು ಬಿಡಿಸುವ ಚಪ್ಪಟೆ ಉಳಿಯನ್ನು ಸಂದಿಗೆ ಕೊಟ್ಟು ಮೀಟುತ್ತಾರೆ. ಮೆತ್ತಿಗೆಯ ಚೂರುಗಳು ಏಳುತ್ತವೆ; ಭಾವ ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಹಳದಿ ಮೀನು ಓಡಿಹೋಗುವುದಿಲ್ಲ. ಬಂಡೆಯ ಅಂಚಿನಲ್ಲಿ ನಿಂತು ನೋಡುತ್ತದೆ. ನೆಲ ಬಿರುಕು ಬಿಡುವ ಸದ್ದು ನೀರಿನಲ್ಲಿ ಮಂದವಾಗಿ, ಬೇರೆ ಯಾವುದೋ ಕೋಣೆಯಿಂದ ಬಂದಂತೆ ಕೇಳಿಸುತ್ತದೆ. ತುಂಡು ಅಲುಗುತ್ತದೆ. ಅದನ್ನು ಎರಡೂ ಕೈಯಿಂದ ಎತ್ತಿ ಹೊರತೆಗೆದಾಗ ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು “ಅಯ್ಯೋ” ಎಂದು ಬಾಯಿಗೆ ಕೈ ಇಡುತ್ತಾರೆ. ಕಡಲಿನ ತಳದಲ್ಲಿ ಚೌಕಾಕಾರದ ಕಪ್ಪು ಬಾಯಿ ತೆರೆದುಕೊಂಡಿದೆ. ಸುತ್ತಲಿನ ಮರಳು ಒಂದಿಷ್ಟೂ ಅದರೊಳಗೆ ಜಾರುತ್ತಿಲ್ಲ. ನೆಲ ಸುಳ್ಳೆಂದು ಕೋಣೆಯಲ್ಲಿದ್ದವರಿಗೆಲ್ಲ ಒಮ್ಮೆಗೇ ತಿಳಿಯುತ್ತದೆ.

ಮುಚ್ಚಳ ಹಾಕಿದ ಮರಳಿನ ಡಬ್ಬಿಯನ್ನು ಕುಳಿಗೆ ಇಳಿಸಿ, ಕದಡದಂತೆ ಮುಚ್ಚಳವನ್ನು ಬದಿಯಿಂದ ಜಾರಿಸಿ ತೆಗೆಯುತ್ತಾರೆ. ಕಿತ್ತ ತುಂಡು ಒದ್ದೆ ಬಟ್ಟೆಯ ಮೇಲೆ ಬಿದ್ದಿದೆ. ಸಿಸ್ಟರ್ ಅದರ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ, ಕೈ ಹಿಂದೆಳೆದುಕೊಳ್ಳುತ್ತಾರೆ.

ಸಂಜೆ. ದೀಪ ಒಂದು ಹಂತ ಇಳಿಯುತ್ತದೆ. ಮೀನು ಬಂಡೆಯಿಂದ ಹೊರಟು ದಿಬ್ಬದ ಕಡೆಗೆ ಬರುತ್ತದೆ. ಅಲ್ಲಿ ಈಗ ತಗ್ಗಿಲ್ಲ. ಸಮನಾದ, ಏನೂ ಬರೆಯದ ಮರಳು. ಮೀನು ಅದರ ಮೇಲೆ ನಿಲ್ಲುತ್ತದೆ. ಮೈ ಓರೆ ಮಾಡುವುದಿಲ್ಲ. ದವಡೆಯನ್ನು ಇಳಿಸಿ ಒಮ್ಮೆ ತಾಗಿಸುತ್ತದೆ. ಕಣಗಳು ಉರುಳುತ್ತವೆ. ಮೀನು ಮೈ ಸುಟ್ಟಂತೆ ಹಿಂದಕ್ಕೆ ಹಾರಿ ಬಂಡೆಯ ಹಿಂದೆ ಮರೆಯಾಗುತ್ತದೆ.

“ನಂಬಲ್ಲ ಅದು,” ಎನ್ನುತ್ತಾರೆ ತಳದಕ್ಕ. “ನಾನಾಗಿದ್ರೂ ನಂಬ್ತಿರಲಿಲ್ಲ.”

ದೀಪ ಇನ್ನೊಂದು ಹಂತ ಇಳಿಯುತ್ತದೆ. ನೀಲಿ ಮಾತ್ರ ಉಳಿಯುತ್ತದೆ. ಅದರಲ್ಲಿ ಹಳದಿ ಬಣ್ಣ ಕಾಣುವುದಿಲ್ಲ. ಹಳದಿ ವಸ್ತು ನೀಲಿ ಬೆಳಕಿನಲ್ಲಿ ಕಪ್ಪಗಾಗುತ್ತದೆ. ಬಂಡೆಯ ಹಿಂದೆ ಏನೋ ಕಪ್ಪಗಿನದು ಅಲುಗಿದಂತಿದೆ, ಇಲ್ಲದಂತಿದೆ. ಬಳಿಕ ದೀಪ ಪೂರ್ತಿ ಆರುತ್ತದೆ. ಭಾವ ಟಾರ್ಚು ಹಾಕಿದಾಗ ಮೀನು ನೆಲದ ಮೇಲೆ ಇಲ್ಲ, ಸಂದುಗಳಲ್ಲಿ ಇಲ್ಲ. ಒಳಗೆ ಹೋಗಿರಬಹುದು. ಎಲ್ಲೋ ಸತ್ತು ಬಿದ್ದಿರಲೂಬಹುದು. ಡಬ್ಬಿಯ ಮರಳು ಸಮನಾಗಿಯೇ ಇದೆ. ನಿಜವಾದ ಮರಳು ಯಾರು ಹೋದರೆಂದು ಗುರುತಿಟ್ಟುಕೊಳ್ಳುವುದಿಲ್ಲ.

“ಕೆದಕಿ ನೋಡಲಾ?” ಭಾವ ಕೇಳುತ್ತಾರೆ.

“ಬೇಡ ಭಾವ. ಮಲಗಿದ್ರೆ?”

* * *

ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಹೊರಗೆ ನಿಂತಿದ್ದಾರೆ. ಬಾಗಿಲು ತೆರೆದು ಒಳಗೆ ಹೋದರೆ ತೊಟ್ಟಿಯ ದೀಪಗಳು ನೀಲಿಯಿಂದ ಬಿಳಿಗೆ ತಿರುಗುತ್ತಿವೆ. ಉಳಿದ ಮೀನುಗಳು ಎದ್ದು ಓಡಾಡುತ್ತಿವೆ. ಮರಳು ಹಾಗೇ ಇದೆ. ಭಾವ ತೊಟ್ಟಿಯ ಹಿಂಬದಿಗೆ ಹೋಗಿ, ನೀರು ಸೋಸುವ ಪೆಟ್ಟಿಗೆಯ ಮುಚ್ಚಳ ತೆಗೆದು, ಸತ್ತ ಮೀನು ಬಂದು ಸಿಕ್ಕಿಕೊಳ್ಳುವ ಜಾಲರಿಯನ್ನು ನೋಡಿ ಬರುತ್ತಾರೆ. ತಲೆ ಆಡಿಸುತ್ತಾರೆ: ಇಲ್ಲ. ಮನೆಯಿಂದ ತಾಯಿಯ ಫೋನು ಬರುತ್ತದೆ. “ಎದ್ದಿತಾ?” “ಇನ್ನೂ ಇಲ್ಲಮ್ಮ.” “ಎಷ್ಟು ದಿನದ ನಿದ್ದೆಯೋ ಏನೋ. ಎಬ್ಬಿಸಬೇಡಿ.”

ಕುರ್ಚಿಗಳು ತುಂಬುತ್ತವೆ. ಶಸ್ತ್ರಚಿಕಿತ್ಸೆಗೆಂದು ಬಂದ ಅಜ್ಜಿಯೊಬ್ಬರು ತಮ್ಮ ಸರದಿ ಬರುವವರೆಗೆ ತೊಟ್ಟಿಯ ಮುಂದೆ ಬಂದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ದೂರದ್ದು ಅವರಿಗೆ ಕಾಣುವುದಿಲ್ಲ. ಎಷ್ಟೋ ಹೊತ್ತು ಹಾಗೇ ಇದ್ದು, ಯಾರನ್ನೂ ನೋಡದೆ, ಮೆಲ್ಲಗೆ ಹೇಳುತ್ತಾರೆ:

“ಇಲ್ಲೊಂದು ಕಣ್ಣಿದೆ.”

ಇದೆ. ಮರಳಿನ ನಡುವೆ ಒಂದು ಕಣ್ಣು, ರೆಪ್ಪೆ ಇಲ್ಲದ್ದು. ತಲೆ ಇಲ್ಲ, ಮೈ ಇಲ್ಲ. ಅದು ತಿರುಗಿ ಅಜ್ಜಿಯನ್ನು ನೋಡುತ್ತದೆ, ಅವರ ಹಿಂದೆ ಬಂದು ನಿಂತವರನ್ನು ನೋಡುತ್ತದೆ. ಬಹಳ ಹೊತ್ತು ಅಷ್ಟೇ. ತಳದಕ್ಕ ಉಸಿರು ಬಿಟ್ಟದ್ದು ಗಾಜಿನ ಮೇಲೆ ಮಂಜಾಗಿ ಕೂರುತ್ತದೆ. ಸೆರಗಿನಿಂದ ಒರೆಸುವಷ್ಟರಲ್ಲಿ ಮರಳು ಉಬ್ಬಿ, ಸೀಳಿ, ಹಳದಿ ಮೀನು ಮೇಲೆದ್ದಿದೆ. ಅದು ಬಿಟ್ಟ ಜಾಗಕ್ಕೆ ಕಣಗಳು ಸುತ್ತಲಿಂದ ಜಾರಿ ಬಂದು ತುಂಬಿಕೊಳ್ಳುತ್ತವೆ.

ಭಾವ ಮುಖ ತಿರುಗಿಸಿಕೊಂಡು ಮೂಗು ಒರೆಸುತ್ತಾರೆ. “ಕಣ್ಣಿಗೆ ಹನಿ ಹಾಕ್ಬಿಟ್ರೇನೋ ನನಗೂ,” ಎನ್ನುತ್ತಾರೆ.

ಜನ ತಮ್ಮ ಕುರ್ಚಿಗಳಿಗೆ ಮರಳಿದ ಮೇಲೆ ಸಿಸ್ಟರ್ ಒಂದು ಮಾತು ಕೇಳುತ್ತಾರೆ. ಡಬ್ಬಿಯ ಸುತ್ತ ಒಂದು ಗೆರೆ ಎದ್ದು ಕಾಣುತ್ತಿದೆ: ಇತ್ತ ಅಂಟಿನ ಮರಳು, ಅತ್ತ ಬಿಡಿ ಮರಳು, ನಡುವೆ ಪ್ಲಾಸ್ಟಿಕ್ಕಿನ ಬಿಳಿ ಅಂಚು. ಅದನ್ನೂ ಮುಂಚಿನ ಹಾಗೆ ಕಾಣದಂತೆ ಮುಚ್ಚುತ್ತೀರಲ್ಲ? ನಿಮಗದು ಏನು ಮಹಾ?

ತಳದಕ್ಕನಿಗೆ ಅದು ಏನೂ ಮಹಾ ಅಲ್ಲ. ಒಂದು ಹಿಡಿ ಮೆತ್ತಿಗೆ, ಒಂದು ಚಮಚ ಮರಳು. ಚೀಲದಲ್ಲಿ ಎರಡೂ ಇವೆ. ಅವರು ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಾರೆ.

“ಇರಲಿ ಸಿಸ್ಟರ್, ಇದೊಂದು ಕಾಣಲಿ. ನೆಲ ಎಲ್ಲಿಗೆ ಮುಗೀತು, ಮರಳು ಎಲ್ಲಿಂದ ಶುರು ಅಂತ ಆ ಮೀನಿಗೆ ಗೊತ್ತಿರಲಿ,” ಎನ್ನುತ್ತಾರೆ. ಚೀಲದ ಬಾಯಿ ಕಟ್ಟುತ್ತಾ ಸೇರಿಸುತ್ತಾರೆ: “ನನಗೂ.”